ನಗುವಿಗೂ ಹೆದರುವ ಮನೆ

(ಪತ್ರದ ಸಾರ: ಪತಿಗೆ ಹನ್ನೊಂದು ವರ್ಷಗಳಿಂದ ಬೈಪೋಲಾರ್ ಕಾಯಿಲೆ – ಕೆಲವೊಮ್ಮೆ ಮಿತಿಮೀರಿದ ಉತ್ಸಾಹದ ಉನ್ಮಾದ, ಕೆಲವೊಮ್ಮೆ ತೀವ್ರ ಖಿನ್ನತೆ. ಹೋದ ಸಲ ಉನ್ಮಾದ ಬಂದಾಗ ಅಡಿಕೆ ಮಾರಿದ ಹಣವನ್ನು ವಾರದೊಳಗೆ ಕರಗಿಸಿದರು. ಆಮೇಲೆ ನಾಲ್ಕು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಈಗ ಚೆನ್ನಾಗಿದ್ದಾರೆ. ಆದರೂ ಅವರು ಜೋರಾಗಿ ನಕ್ಕರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ನಾನು ಹೆಂಡತಿಯೋ, ಕಾವಲುಗಾರಳೋ? – ಹೆಸರು, ಊರು ಬೇಡ)

ಸಹೋದರಿ,

ನಿಮ್ಮ ಪತ್ರದಲ್ಲಿ ಮೂರೂವರೆ ಪುಟ ಅವರ ಬಗ್ಗೆ ಇದೆ. ನಿಮ್ಮ ಬಗ್ಗೆ ಇರುವುದು ಕೊನೆಯ ಅರ್ಧ ಪುಟ. ರೋಗಿಯನ್ನು ನೋಡಿಕೊಳ್ಳುವವರ ಪತ್ರಗಳು ಹೆಚ್ಚಾಗಿ ಹೀಗೇ ಇರುತ್ತವೆ.

ಬೇರೆ ಕಾಯಿಲೆಯ ಮನೆಯಲ್ಲಿ ನಗು ಕೇಳಿದರೆ ಸಮಾಧಾನ. ನಿಮ್ಮಲ್ಲಿ ನಗುವೇ ಅನುಮಾನ. ಅವರು ಹೊಸ ಅಂಗಿ ಕೊಂಡರೂ, ನಸುಕಿನಲ್ಲೇ ತೋಟಕ್ಕೆ ಹೊರಟರೂ ನೀವು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೀರಿ. ಅದು ಅವರಿಗೂ ತಿಳಿಯುತ್ತದೆ. 'ನಾನು ಖುಷಿಯಾಗಿರಲೂಬಾರದೇ' ಎಂದು ಸಿಡುಕುತ್ತಾರೆ. ಆ ಸಿಡುಕನ್ನೂ ನೀವು ಕಾಯಿಲೆಯ ಖಾತೆಗೇ ಬರೆಯುತ್ತೀರಿ.

ಕಾವಲು ಬಿಟ್ಟುಬಿಡಿ ಎನ್ನಲಾರೆ, ಹನ್ನೊಂದು ವರ್ಷ ಬೆಂದು ಕಲಿತದ್ದು ಅದು. ಆದರೆ ಚಿಕ್ಕದು ಮಾಡಿಕೊಳ್ಳಿ. ಅವರು ಚೆನ್ನಾಗಿರುವ ಈ ದಿನಗಳಲ್ಲೇ ಇಬ್ಬರೂ ಕುಳಿತು, ವೈದ್ಯರ ಎದುರಿಗಾದರೆ ಇನ್ನೂ ಒಳ್ಳೆಯದು, ಹೋದ ಸಲ ಮೊದಲು ಕಂಡದ್ದೇನು ಎಂದು ಬರೆದಿಡಿ. ಅನೇಕರಲ್ಲಿ ಅದು ನಿದ್ದೆ: ಮೂರೇ ಗಂಟೆ ಮಲಗಿ, ದಣಿವೇ ಇಲ್ಲದೆ ಏಳುವುದು. ಹಾಗೆ ಎರಡು ರಾತ್ರಿಯಾದರೆ ವೈದ್ಯರಿಗೆ ಫೋನ್ ಮಾಡುವುದು, ಎಟಿಎಂ ಕಾರ್ಡ್ ನಿಮ್ಮ ಕೈಗೆ ಕೊಡುವುದು ಎಂದು ಅವರೇ ಒಪ್ಪಲಿ. ಜಗಳವಾಡಿ ಕಿತ್ತುಕೊಂಡ ಕಾರ್ಡಿಗೂ ಮೊದಲೇ ಒಪ್ಪಿ ಕೊಟ್ಟ ಕಾರ್ಡಿಗೂ ಬಹಳ ಅಂತರವಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಮುಂದೆ ತಮಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ, ತಮ್ಮ ಪರವಾಗಿ ಯಾರು ನಿಲ್ಲಬೇಕು ಎಂಬುದನ್ನೂ ಅವರು ಈಗಲೇ ಬರೆದಿಡಬಹುದು. ಆ ಪ್ರತಿನಿಧಿ ನೀವೇ ಆಗಬೇಕೆಂದಿಲ್ಲ. ಅವರು ಒಪ್ಪಿದರೆ ನಿಮ್ಮ ಮೈದುನ ಆಗಲಿ. ಫೋನಿನಲ್ಲಿ ಬುದ್ಧಿ ಹೇಳುವವರಿಗೆ ಒಂದು ಕೆಲಸವೂ ಸಿಕ್ಕಂತಾಯಿತು.

ಮನಸ್ಸಿನ ಈ ಏರಿಳಿತ ತಡೆಯಲು ಕೊಡುವ ಲಿಥಿಯಂ ಮಾತ್ರೆಯ ಬಗ್ಗೆ ಕೇಳಿದ್ದೀರಿ. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಎಂದು ನೋಡುವ ಪರೀಕ್ಷೆ ಕೊನೆಯ ಮಾತ್ರೆ ನುಂಗಿದ ಸುಮಾರು 12 ಗಂಟೆಗಳ ಬಳಿಕ ಆಗಬೇಕು. ವಾಂತಿಭೇದಿಯಾದರೆ, ಅಥವಾ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ತೆಗೆದುಕೊಳ್ಳುವುದಿದ್ದರೆ, ಮೊದಲು ವೈದ್ಯರನ್ನು ಕೇಳಿ. ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಕೈ ಜೋರಾಗಿ ನಡುಗಿದರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.

'ಇವರು ಇಲ್ಲವಾದರೇ ಸಾಕು ಎಂದು ಒಮ್ಮೆ ಅನ್ನಿಸಿತು, ನಾನು ಪಾಪಿ' ಎಂದು ಬರೆದು ಹೊಡೆದುಹಾಕಿದ್ದೀರಿ. ಶಾಯಿಯ ಕೆಳಗೆ ಓದಲು ಬಂತು. ಪಾಪವಲ್ಲ ತಾಯಿ, ಆಯಾಸ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಅದು ರೋಗಿಗಳಿಗೆ ಮಾತ್ರ ಮೀಸಲಲ್ಲ. ಆ ಕರೆಯಲ್ಲಿ ಅವರ ವಿಷಯ ಎತ್ತಬೇಡಿ. ನೀವು ಕಣ್ತುಂಬ ನಿದ್ದೆ ಮಾಡಿ ಎಷ್ಟು ದಿನವಾಯಿತು ಎಂಬುದನ್ನು ಹೇಳಿ.

– ಸಂ.