ಗಿಡ್ಡ ನಳಿಗೆ ಬಿಡಿ, ಮೊದಲು ನಾಯಿಯ ಕಿವಿ ನೋಡಿ

ಹದಿನೆಂಟೂವರೆ ಇಂಚು ನಳಿಗೆಯ, ಹಿಡಿ ಎಳೆದು ತೋಟೆ ಏರಿಸುವ ಪಂಪ್ ಕೋವಿ, ಜತೆಗೊಂದು ಬ್ರಿಟನಿ ತಳಿಯ ಬೇಟೆನಾಯಿ ಮರಿ, ಎರಡನ್ನೂ ಈ ಬೇಸಿಗೆಯಲ್ಲೇ ತಂದು ಅಕ್ಟೋಬರಿಗೆ ಅಮೆರಿಕದ ಮಿನೆಸೋಟದ ಕಾಡಿನಲ್ಲಿ ಗ್ರೌಸ್ ಎಂಬ ಕಾಡುಕೋಳಿಯಂಥ ಹಕ್ಕಿಯ ಬೇಟೆಗೆ ಇಳಿಯಬಹುದೇ ಅಂತ ಕೇಳಿದ್ದೀರಿ. ಓದಿ ನಗು ಬಂತು, ಆಮೇಲೆ ಬರಲಿಲ್ಲ. ಒಂಬತ್ತು ವರ್ಷದ ಹಿಂದೆ ನಾನು ಮಾಡಿದ್ದೂ ಇದನ್ನೇ, ಇಂಚಿನ ಲೆಕ್ಕ ಸಮೇತ.

ನಾನು ವಿರಾಜಪೇಟೆ ಕಡೆಯವನು. ಮನೆಯಲ್ಲಿ ಅಜ್ಜನ ಕಾಲದ ಜೋಡುನಳಿಗೆ ಕೋವಿ ಇತ್ತು. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಅದಕ್ಕೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಿದ್ದೆವು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನೋದು ನಮ್ಮ ದೊಡ್ಡವರ ಬಾಯಲ್ಲಿ ಉಳಿದ ಕಥೆ ಮಾತ್ರ. ನಾನು ತೆಂಗಿನಕಾಯಿ ತಪ್ಪಿಸಿದವನಲ್ಲ. ಆ ಜಂಬದಲ್ಲೇ ಇಲ್ಲಿನ ಅಂಗಡಿಗೆ ಹೋದೆ. ತೆಂಗಿನಕಾಯಿ ಹಾರುವುದಿಲ್ಲ ಅನ್ನೋದು ಹೊಳೆಯಲೇ ಇಲ್ಲ.

ನಿಮ್ಮ ಹಾಗೆಯೇ ಯೋಚಿಸಿದೆ. ಗ್ರೌಸ್ ಇರುವುದು ದಟ್ಟ ಪೊದೆಯಲ್ಲಿ. ಒಮ್ಮೆ ಮರ ಕಡಿದ ಜಾಗದಲ್ಲಿ ಮತ್ತೆ ಚಿಗುರಿ ಹತ್ತಿಪ್ಪತ್ತು ವರ್ಷವಾದ ಆಸ್ಪೆನ್ ಕಾಡು ಅದಕ್ಕೆ ಇಷ್ಟ. ಮರಗಳು ಎಷ್ಟು ಒತ್ತಾಗಿರುತ್ತವೆಂದರೆ ಅಡ್ಡ ತಿರುಗಿಯೇ ನುಸುಳಬೇಕು. ಅಲ್ಲಿ ಉದ್ದ ನಳಿಗೆ ರೆಂಬೆಗೆ ಸಿಕ್ಕಿಕೊಳ್ಳುತ್ತದೆ, ಗಿಡ್ಡದ್ದು ಬೇಗ ತಿರುಗುತ್ತದೆ, ಚರೆಯೂ, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳೂ, ಅಗಲವಾಗಿ ಹರಡುತ್ತದೆ ಅಂದುಕೊಂಡೆ. ಕೊನೆಯ ಮಾತು ಶುದ್ಧ ಸುಳ್ಳು. ಚರೆ ಹರಡುವುದನ್ನು ನಿರ್ಧರಿಸುವುದು ನಳಿಗೆಯ ಬಾಯನ್ನು ಕಿರಿದಾಗಿಸುವ ಚೋಕ್, ಉದ್ದವಲ್ಲ. ಗಿಡ್ಡ ಕೋವಿಗಳು ಸಾಮಾನ್ಯವಾಗಿ ಚೋಕ್ ಇಲ್ಲದೆಯೇ ಬರುವುದರಿಂದ ಜನರಿಗೆ ಹಾಗೆ ಕಾಣುತ್ತದೆ ಅಷ್ಟೆ. ಬೇಗ ತಿರುಗುತ್ತದೆ ಅನ್ನೋದೇನೋ ನಿಜ, ಆದರೆ ಅಷ್ಟೇ ಬೇಗ ನಿಂತೂ ಬಿಡುತ್ತದೆ. ಮುಂದೆ ತೂಕವಿಲ್ಲದ ಕೋವಿ ಅಡ್ಡ ಹಾರುವ ಹಕ್ಕಿಯ ಜತೆ ಸಾಗುವುದಿಲ್ಲ. ಟ್ರಿಗರ್ ಎಳೆಯುವ ಹೊತ್ತಿಗೆ ಕೈ ನಿಂತಿರುತ್ತದೆ, ಈಡು ಹಕ್ಕಿಯ ಹಿಂದೆ ಹೋಗುತ್ತದೆ.

ಇದೆಲ್ಲ ಬರೀ ತೋಟೆ ದಂಡ. ನಿಜವಾಗಿ ನಾನು ಕಳೆದುಕೊಂಡದ್ದು ಬೇರೆ.

ಮರಿಗೆ ಕಿತ್ತಳೆ ಅಂತ ಹೆಸರಿಟ್ಟಿದ್ದೆವು. ಮೈಮೇಲಿನ ಪಟ್ಟೆ ಥೇಟ್ ನಮ್ಮ ಕೊಡಗಿನ ಕಿತ್ತಳೆ ಬಣ್ಣ. ಅಕ್ಟೋಬರಿಗೆ ಅವಳಿಗೆ ಏಳು ತಿಂಗಳು. ಗ್ರ್ಯಾಂಡ್ ರ್ಯಾಪಿಡ್ಸ್‌ನಿಂದ ಉತ್ತರಕ್ಕೆ ಒಂದು ಕಾಡುದಾರಿಯಲ್ಲಿ ಹೋಗುತ್ತಿದ್ದೆವು. ಎಲೆ ಉದುರಿ ಮುಗಿದಿತ್ತು. ಕೊರಳಿಗೆ ಗಂಟೆ ಕಟ್ಟಿದ್ದೆ. ಊರಲ್ಲಿ ದನಕ್ಕೆ ಕಟ್ಟುವುದು ಎಲ್ಲಿದೆ ಅಂತ ತಿಳಿಯಲು, ಇಲ್ಲಿ ನಾಯಿಗೆ ಕಟ್ಟುವುದು ಯಾವಾಗ ನಿಂತಿತು ಅಂತ ತಿಳಿಯಲು. ಗಂಟೆ ನಿಂತರೆ ನಾಯಿ ಹಕ್ಕಿಯ ವಾಸನೆ ಹಿಡಿದು ಕಲ್ಲಾಗಿದೆ ಎಂದರ್ಥ. ನಿಂತಿತು. ಹತ್ತಿರ ಹೋದೆ. ಬಾಲ ನೆಟ್ಟಗೆ, ಮುಂಗಾಲು ಒಂದು ಮೇಲೆ. ಯಾರೂ ಕಲಿಸಿರಲಿಲ್ಲ, ರಕ್ತದಲ್ಲೇ ಬಂದದ್ದು. ನಾನು ಅವಳ ಪಕ್ಕಕ್ಕೆ, ನನ್ನ ಎಡ ಮೊಣಕಾಲಿಗೆ ಅವಳ ಕಿವಿ ತಾಗುವಷ್ಟು ಪಕ್ಕಕ್ಕೆ, ಬಂದು ನಿಂತೆ.

ಆ ಜಾಗವನ್ನು ಸರಿಯಾಗಿ ನೆನಪಿಟ್ಟುಕೊಳ್ಳಿ, ಯಾಕೆಂದರೆ ತಪ್ಪು ಅಲ್ಲೇ ಆದದ್ದು. ಗ್ರೌಸ್ ಗುಡುಗಿದ ಹಾಗೆ ಎದ್ದಿತು. ಹೊಡೆದೆ, ತಪ್ಪಿತು. ಪಂಪ್ ಎಳೆದು ಇನ್ನೊಂದು ಹೊಡೆದೆ, ಅದೂ ತಪ್ಪಿತು. ಹನ್ನೆರಡು ಗೇಜಿನ ಎರಡು ಈಡು. (ಗೇಜ್ ಅಂದರೆ ನಳಿಗೆಯ ಅಗಲದ ಅಳತೆ, ನಂಬರ್ ಹೆಚ್ಚಾದಷ್ಟೂ ನಳಿಗೆ ಸಪೂರ.) ಇಪ್ಪತ್ತೆಂಟು ಇಂಚಿನ ನಳಿಗೆಯಾಗಿದ್ದರೆ ಬಾಯಿ ಅವಳ ಕಿವಿಯಿಂದ ಇನ್ನೂ ಒಂಬತ್ತೂವರೆ ಇಂಚು ಮುಂದಿರುತ್ತಿತ್ತು. ಅಷ್ಟೇ ಅಲ್ಲ, ನಳಿಗೆ ಗಿಡ್ಡವಾದಷ್ಟೂ ಮದ್ದಿನ ಅನಿಲ ಇನ್ನೂ ಹೆಚ್ಚಿನ ಒತ್ತಡದಲ್ಲಿರುವಾಗಲೇ ಹೊರಗೆ ಸಿಡಿಯುತ್ತದೆ, ಸದ್ದು ಚಾಟಿ ಬೀಸಿದ ಹಾಗೆ ಬರುತ್ತದೆ. ನನಗೇ ಕಿವಿ ಗುಂಯ್ ಅಂದಿತು.

ಆದರೆ ಸದ್ದೊಂದೇ ಆಗಿದ್ದರೆ ಬಚಾವಾಗುತ್ತಿದ್ದೆವೇನೋ. ಅವಳು ಹುಟ್ಟಿ ಏಳು ತಿಂಗಳಲ್ಲಿ ಒಂದೂ ಈಡಿನ ಸದ್ದು ಕೇಳಿರಲಿಲ್ಲ. ಆ ಕ್ಷಣದಲ್ಲಿ ಅವಳು ಓಡುತ್ತಿರಲಿಲ್ಲ, ಬೆನ್ನಟ್ಟುತ್ತಿರಲಿಲ್ಲ. ಮೈಯೆಲ್ಲ ಮೂಗಾಗಿ, ಕಲ್ಲಾಗಿ ನಿಂತಿದ್ದಳು. ಹಕ್ಕಿಯಾದರೂ ಬಿದ್ದು ಬಾಯಿಗೆ ಸಿಕ್ಕಿದ್ದರೆ 'ಆ ಸದ್ದು ಆದರೆ ಇದು ಸಿಗುತ್ತದೆ' ಅಂತ ತಲೆಯಲ್ಲಿ ಕೂತಿರುತ್ತಿತ್ತು. ಬೀಳಲಿಲ್ಲ. ಅವಳಿಗೆ ಕೂತದ್ದು ಇಷ್ಟೇ: ಹಕ್ಕಿಯ ವಾಸನೆ ಹಿಡಿದರೆ ತಲೆಯ ಮೇಲೆ ಸಿಡಿಲು ಬೀಳುತ್ತದೆ. ಮೊದಲ ಈಡಿಗೆ ಕುಸಿದವಳು ಎರಡನೆಯದಕ್ಕೆ ಓಡಿದಳು. ಒಂದು ಗಂಟೆ ಹುಡುಕಿದ ಮೇಲೆ ಕಾರಿನ ಕೆಳಗೆ ಸಿಕ್ಕಳು.

ನಾಯಿ ಹುಟ್ಟಿನಿಂದಲೇ ಪುಕ್ಕಲು ಅನ್ನುವವರಿದ್ದಾರೆ. ಅಂಜುಬುರುಕ ತಳಿಗಳಿರಬಹುದು. ನಾನು ನೋಡಿದ ಕೋವಿಗಂಜುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ಆ ಅಂಜಿಕೆ ಕೊಟ್ಟದ್ದು ಯಜಮಾನನೇ.

ಮರುವಾರದಿಂದ ಮನೆಯಲ್ಲಿ ಕುಕ್ಕರ್ ಸೀಟಿಗೆ ಮಂಚದಡಿ ನುಗ್ಗತೊಡಗಿದಳು. ಜುಲೈ ನಾಲ್ಕರ ಪಟಾಕಿಯ ರಾತ್ರಿ ಹೆಂಡತಿ ಬಚ್ಚಲುಮನೆಯಲ್ಲಿ ಅವಳನ್ನು ತಬ್ಬಿಕೊಂಡು ಕೂತಿದ್ದಳು. 'ಬೇಟೆಗಾರರ ಮನೆತನ ಅಂದ್ರಲ್ಲ' ಅಂತ ಒಂದೇ ಮಾತು ಅಂದಳು. ಅದಕ್ಕೆ ಇವತ್ತಿಗೂ ನನ್ನ ಹತ್ತಿರ ಉತ್ತರವಿಲ್ಲ.

ನಾಯಿ ಪಳಗಿಸುವ ಒಬ್ಬ ಮುದುಕರ ಹತ್ತಿರ ಹೋದೆವು. ಅವರು ಮೊದಲ ಆರು ವಾರ ಕೋವಿಯನ್ನು ಮುಟ್ಟಲೇ ಇಲ್ಲ. ಬರೀ ಪಾರಿವಾಳ. ಅವಳು ಅಟ್ಟಬೇಕು, ಹುಚ್ಚಾಗಿ ಅಟ್ಟಬೇಕು, ಬೇರೇನೂ ನೆನಪಿರಬಾರದು. ಆಮೇಲೆ ಅವಳು ಅಟ್ಟುವಾಗ ಮಾತ್ರ, ನೂರು ಗಜ ಆಚೆಯಿಂದ, ಗುಂಡಿಲ್ಲದ ಸಣ್ಣ ತೋಟೆಯ ಪಟ್ ಅನ್ನುವ ಒಂದು ಸದ್ದು. ಕಿವಿ ನಿಮಿರಿದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸುವುದು. ತಿಂಗಳುಗಟ್ಟಲೆ ಹತ್ತಿಪ್ಪತ್ತು ಹೆಜ್ಜೆಯಾಗಿ ಹತ್ತಿರ ಬಂದೆವು. ಎರಡು ವರ್ಷ ಹಿಡಿಯಿತು. ಈಗ ನಾನು ಹೊಡೆಯುವಾಗ ಓಡುವುದಿಲ್ಲ, ಆದರೆ ಒಮ್ಮೆ ತಿರುಗಿ ನನ್ನ ಮುಖ ನೋಡುತ್ತಾಳೆ. ಮೊದಲೇ ಮಾಡಿದ್ದರೆ ಇಷ್ಟೂ ಒಂದು ಬೇಸಿಗೆಯ ಕೆಲಸ.

ಹಾಗಾಗಿ ಯಾವ ಕೋವಿ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಂದೇ ವರ್ಷದಲ್ಲಿ ಕೋವಿ, ಮರಿ ಎರಡನ್ನೂ ತರಬೇಡಿ. ಈ ವರ್ಷ ನಾಯಿಯಿಲ್ಲದೆ ಹೋಗಿ. ಹತ್ತು ಹೆಜ್ಜೆ ನಡೆದು ಸುಮ್ಮನೆ ನಿಂತುಬಿಡಿ. ನಡೆಯುವವನನ್ನು ಗ್ರೌಸ್ ಸಹಿಸುತ್ತದೆ, ನಿಂತವನನ್ನು ಸಹಿಸುವುದಿಲ್ಲ, ಎದ್ದು ಹಾರುತ್ತದೆ. ಸಾಲು ಸಾಲಾಗಿ ತಪ್ಪಿಸಿ, ಯಾರಿಗೂ ಗೊತ್ತಾಗುವುದಿಲ್ಲ. ಹಾರುವ ಹಕ್ಕಿ ನಿಮ್ಮ ಕೈಗೆ ಬೀಳತೊಡಗಿದ ಮೇಲೆ ಮರಿ ತನ್ನಿ. ಮರಿಯನ್ನು 'ಸದ್ದು ರೂಢಿಯಾಗಲಿ' ಅಂತ ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋಗುವ ಬುದ್ಧಿವಂತಿಕೆ ಮಾತ್ರ ಬೇಡ. ನಾನು ಒಂದೇ ಪೆಟ್ಟಿಗೆ ಮಾಡಿದ್ದನ್ನು ಅದು ಕಂತಿನಲ್ಲಿ ಮಾಡುತ್ತದೆ.

ಕೋವಿ ಹೇಳಲೇಬೇಕೆಂದರೆ ಇಪ್ಪತ್ತು ಗೇಜ್, ಇಪ್ಪತ್ತಾರು ಇಂಚಿನ ಜೋಡುನಳಿಗೆ, ಸಡಿಲ ಚೋಕ್, ಏಳೂವರೆ ನಂಬರಿನ ಸಣ್ಣ ಚರೆ. ಜೋಡುನಳಿಗೆಗೆ ಪಂಪಿನಂತೆ ಉದ್ದದ ಯಂತ್ರಭಾಗ ಇರುವುದಿಲ್ಲವಾದ್ದರಿಂದ ಒಟ್ಟು ಉದ್ದದಲ್ಲಿ ಮೂರು ನಾಲ್ಕು ಇಂಚು ಉಳಿಯುತ್ತದೆ. ಗಿಡ್ಡ ಬೇಕು ಅನ್ನುವ ಆಸೆಯೂ ತೀರಿತು, ನಳಿಗೆಯ ಬಾಯಿಯೂ ದೂರ ಹೋಯಿತು. ಇಂಗ್ಲೆಂಡಿನ ರಾಬರ್ಟ್ ಚರ್ಚಿಲ್ ಎಂಬ ಕೋವಿ ತಯಾರಕ ನೂರು ವರ್ಷದ ಹಿಂದೆ ಇಪ್ಪತ್ತೈದು ಇಂಚೇ ಸಾಕು ಅಂತ ವಾದಿಸಿ ಅಲ್ಲಿನವರ ಹುಬ್ಬೇರಿಸಿದ್ದ. ಅವನ ಕಾಲದಲ್ಲಿ ಅದೇ 'ಗಿಡ್ಡ'.

ಕಾನೂನು ಎರಡು ಮಾತಲ್ಲಿ. ನಳಿಗೆಗೆ ಗರಗಸ ಹಾಕುವ ಯೋಚನೆ ಬಂದರೆ ಬಿಡಿ: 1934ರ ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ಕಾಯ್ದೆಯ ಪ್ರಕಾರ 18 ಇಂಚಿಗಿಂತ ಗಿಡ್ಡ ನಳಿಗೆ, ಅಥವಾ ಒಟ್ಟು 26 ಇಂಚಿಗಿಂತ ಗಿಡ್ಡ ಕೋವಿ, ಮೊದಲೇ ನೋಂದಣಿಯಾಗಿರದಿದ್ದರೆ ಅಪರಾಧ. ನೀವು ಎಚ್-1ಬಿ ಅಂದಿರಿ. ಆ ವೀಸಾದವರು ಕೋವಿ ಮುಟ್ಟುವುದೇ ಫೆಡರಲ್ ಕಾನೂನಿನಲ್ಲಿ ನಿಷಿದ್ಧ. ಬೇಟೆಯ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ವಿನಾಯಿತಿ ಇದೆ. ಆದ್ದರಿಂದ ಲೈಸೆನ್ಸ್ ಮೊದಲು, ಅಂಗಡಿ ಆಮೇಲೆ. 1979ರ ನಂತರ ಹುಟ್ಟಿದವರಾದರೆ ಮಿನೆಸೋಟದಲ್ಲಿ ಅದಕ್ಕೂ ಮೊದಲು ಕೋವಿ ಸುರಕ್ಷತೆಯ ತರಬೇತಿ ಮುಗಿಸಬೇಕು. ಕಾಡಿಗೆ ಹೋಗುವಾಗ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಅಂಗಿಯೋ ಟೋಪಿಯೋ ಇರಲಿ.

ನಮ್ಮ ಕಿತ್ತಳೆಗೆ ಈಗ ಒಂಬತ್ತೂವರೆ. ಮೊಣಕಾಲು ನೋವು ಇಬ್ಬರಿಗೂ. ಹೋದ ವಾರ ಊರಿಂದ ಬಂದ ಅತ್ತೆ 'ಇದೇನು, ಕುಕ್ಕರ್ ಅಟ್ಟದ ಮೇಲಿದೆ?' ಅಂತ ಕೇಳಿದರು. ಒಂಬತ್ತು ವರ್ಷದಿಂದ ನಮ್ಮ ಮನೆಯಲ್ಲಿ ಬೇಳೆ ಬೇಯುವುದು ತೆರೆದ ಪಾತ್ರೆಯಲ್ಲಿ.