ಮಣಿಪಾಲದ ಫ್ಲ್ಯಾಟ್, ತಿಂಗಳಿಗೆ 24 ಸಾವಿರದ ಕೊರತೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಸಲಹೆ ಕೇಳಿ ಬಂದವರು ಬ್ರಹ್ಮಾವರ ಕಡೆಯ ಶಿಕ್ಷಕಿ, ವಯಸ್ಸು 38. ಗಂಡ ಗಲ್ಫ್‌ನಲ್ಲಿ. ಉಳಿತಾಯ 20 ಲಕ್ಷ. ಕೊಳ್ಳಲು ನೋಡಿದ್ದು ಮಣಿಪಾಲದಲ್ಲಿ ಎರಡು ಬಿಎಚ್‌ಕೆ ಫ್ಲ್ಯಾಟ್, 52 ಲಕ್ಷ. ವಿದ್ಯಾರ್ಥಿಗಳಿಗೆ ಕೊಟ್ಟರೆ 16 ಸಾವಿರ ಬಾಡಿಗೆ. ವಾರದೊಳಗೆ 2 ಲಕ್ಷ ಮುಂಗಡ ಕೊಡಬೇಕು. "ಈಗ ತೆಗೆಯದಿದ್ದರೆ ಮತ್ತೆ ನಮಗೆ ಎಟುಕುವುದಿಲ್ಲ ಅಂತ ಭಾವ ಹೇಳ್ತಾರೆ. ಏನು ಮಾಡುವುದು ಮೇಡಂ?"

ದರ ಏರುತ್ತದೋ ಇಲ್ಲವೋ ಎಂಬ ವಾದಕ್ಕೆ ಇಳಿಯಲಿಲ್ಲ. ಏರುತ್ತದೆ ಎಂದೇ ಇಟ್ಟುಕೊಂಡು ಕಾಗದ ಪೆನ್ನು ತೆಗೆದದ್ದಾಯಿತು.

40 ಲಕ್ಷ ಸಾಲ, ಬಡ್ಡಿ ಶೇ. 8.5, 20 ವರ್ಷ: ಕಂತು ಸುಮಾರು 34,700. ಕೈಯಿಂದ 12 ಲಕ್ಷ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ದುಪ್ಪಟ್ಟಾದ ಶೇ. 2ರ ನೋಂದಣಿ ಶುಲ್ಕ, ಎಲ್ಲ ಸೇರಿ ಶೇ. 7.6, ಅಂದರೆ ಸುಮಾರು 3.95 ಲಕ್ಷ. ಮಂಚ, ಕಪಾಟು, ಇನ್ವರ್ಟರ್‌ಗೆ ಒಂದೂವರೆ ಲಕ್ಷ. 20 ಲಕ್ಷದಲ್ಲಿ ಉಳಿಯುವುದು ಎರಡೂವರೆ.

ಬಾಡಿಗೆಯನ್ನು 12 ತಿಂಗಳಿಗೆ ಗುಣಿಸುವುದೇ ಎಲ್ಲರೂ ಮಾಡುವ ತಪ್ಪು. ರಜೆಯಲ್ಲಿ ಒಂದು ತಿಂಗಳು ಖಾಲಿ ಬಿದ್ದರೆ ಬರುವುದು 1.76 ಲಕ್ಷ. ಮೇಂಟೆನೆನ್ಸ್ 30 ಸಾವಿರ, ತೆರಿಗೆ 6 ಸಾವಿರ, ಬಣ್ಣ-ರಿಪೇರಿಗೆ 15 ಸಾವಿರ ಕಳೆದರೆ 1.25 ಲಕ್ಷ. ವರ್ಷದ ಕಂತು 4.16 ಲಕ್ಷ. ಕೊರತೆ ತಿಂಗಳಿಗೆ 24 ಸಾವಿರ. ಮನೆ ಖರ್ಚು, ಮಕ್ಕಳ ಫೀಸು ಕಳೆದು ಇವರ ಕೈಯಲ್ಲಿ ಉಳಿಯುವುದು 15 ಸಾವಿರ. ದರ ಏರಿದರೂ ಆ ಏರಿಕೆ ತಿಂಗಳ ಕಂತು ಕಟ್ಟುವುದಿಲ್ಲ, ಫ್ಲ್ಯಾಟ್ ಮಾರಿದಾಗ ಮಾತ್ರ ಕೈಗೆ ಬರುತ್ತದೆ.

ಇನ್ನೊಂದು ಲೆಕ್ಕ ಅವರಿಗೆ ಹೊಸದು. ಮೊದಲ ವರ್ಷದ ಬಡ್ಡಿ 3.37 ಲಕ್ಷ, ಖರ್ಚು ಹೋಗಿ ಉಳಿದ ಬಾಡಿಗೆ 1.25 ಕಳೆದರೆ 2.12. ಹಾಕಿದ ಹದಿನೇಳೂವರೆ ಲಕ್ಷ ಶೇ. 7ರ ಠೇವಣಿಯಲ್ಲಿದ್ದರೆ ಬರುತ್ತಿದ್ದದ್ದು 1.22. ಎರಡೂ ಸೇರಿ ಈ ಫ್ಲ್ಯಾಟಿನಿಂದ ವರ್ಷಕ್ಕೆ ಆಗುವ ನಷ್ಟ 3.34 ಲಕ್ಷ. ಫ್ಲ್ಯಾಟಿನ ಬೆಲೆ ವರ್ಷಕ್ಕೆ ಶೇ. 6.4 ಏರಿದರೂ ಇವರು ಇದ್ದಲ್ಲೇ ಇರುತ್ತಾರೆ, ನೋಂದಣಿಗೆ ಹೋದದ್ದು ಬೇರೆ.

ಹಾಗಾಗಿ ಕೊಟ್ಟ ಸಲಹೆ: ಈ ಫ್ಲ್ಯಾಟ್ ಬೇಡ. ಕೊರತೆ 15 ಸಾವಿರದೊಳಗೆ ನಿಂತು, ಒಂದು ವರ್ಷದ ಕಂತು ಬ್ಯಾಂಕಿನಲ್ಲಿ ಬೇರೆಯಾಗಿ ಉಳಿದಾಗಲೇ ಕೊಳ್ಳುವ ಸಮಯ. 30 ಲಕ್ಷದೊಳಗಿನ ಹಳೆಯ ಒಂದು ಬಿಎಚ್‌ಕೆ, 21 ಲಕ್ಷ ಸಾಲ, 11 ಸಾವಿರ ಬಾಡಿಗೆಯಾದರೆ ಕೊರತೆ ಸುಮಾರು 11 ಸಾವಿರಕ್ಕೆ ಇಳಿಯುತ್ತದೆ. ಕೈಯಲ್ಲಿ ಏಳು ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ. ಅದನ್ನು ಈ ವರ್ಷವೇ ಹುಡುಕಬಹುದು.

ಹೆಸರು ಯಾರದ್ದು ಎಂಬುದೂ ಮುಖ್ಯ. ಅನಿವಾಸಿ ಗಂಡನ ಹೆಸರಿನಲ್ಲಿದ್ದರೆ ಬಾಡಿಗೆದಾರರೇ ಬಾಡಿಗೆಯಿಂದ ಶೇ. 31.2 ಟಿಡಿಎಸ್ (ಕೊಡುವ ಮೊದಲೇ ಹಿಡಿಯುವ ಆದಾಯ ತೆರಿಗೆ) ಕಡಿಯಬೇಕು; ಯಾವ ವಿದ್ಯಾರ್ಥಿಯ ತಂದೆ ಈ ರಗಳೆಗೆ ಒಪ್ಪುತ್ತಾರೆ? ಹೆಂಡತಿಯ ಹೆಸರಿಗೆ ಮಾಡಿಸಿದರೂ ಹಣ ಗಂಡನದ್ದಾದರೆ ಆದಾಯ ಗಂಡನ ಲೆಕ್ಕಕ್ಕೇ ಸೇರುತ್ತದೆ. ಅವರವರು ಹಾಕಿದ ಹಣಕ್ಕೆ ತಕ್ಕಂತೆ ಪಾಲು ಬರೆಸಿ ಎಂದೆ.

ಕಾಗದಪತ್ರದಲ್ಲಿ ನಮ್ಮ ಕಡೆಯ ತೊಡಕು ಮೂಲಗೇಣಿ, ಅಂದರೆ ಜಾಗದ ಮೇಲೆ ಶಾಶ್ವತ ಗೇಣಿಯ ಹಕ್ಕು ಮಾತ್ರ ಇರುವುದು. ಜಾಗ ಪೂರ್ಣ ಹಕ್ಕಿನದ್ದೋ ಮೂಲಗೇಣಿಯೋ ಎಂದು ಕೇಳದೆ ಮುಂಗಡ ಕೊಟ್ಟು, ಆಮೇಲೆ ಸಾಲಕ್ಕೆ ಬ್ಯಾಂಕಿನಿಂದ ಬ್ಯಾಂಕಿಗೆ ಅಲೆಯುವ ಪಾಡು ಬೇಡ. 30 ವರ್ಷದ ಋಣಭಾರ ಪತ್ರ, ಇ-ಖಾತಾ, ಭೂಪರಿವರ್ತನೆ ಆದೇಶ, ವಾಸಯೋಗ್ಯ ಪ್ರಮಾಣಪತ್ರ ವಕೀಲರ ಕೈಗೆ ಹೋಗಿ ಬರಲಿ. ಅಲ್ಲಿಯವರೆಗೆ ಒಂದು ರೂಪಾಯಿ ಬೇಡ.

ವಾರ ಕಳೆಯಿತು, ಆ ಫ್ಲ್ಯಾಟ್ ಬೇರೆಯವರ ಪಾಲಾಯಿತಂತೆ. ಅವರೀಗ ಒಂದು ಬಿಎಚ್‌ಕೆ ನೋಡುತ್ತಿದ್ದಾರೆ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ತೇವ ಇದೆಯೋ ಎಂದು ಪಶ್ಚಿಮದ ಗೋಡೆ ಮುಟ್ಟಿ ನೋಡಿ, ಏಪ್ರಿಲ್-ಮೇ ತಿಂಗಳ ನೀರಿನ ಟ್ಯಾಂಕರ್ ಬಿಲ್ಲನ್ನು ಅಸೋಸಿಯೇಶನ್‌ನವರಲ್ಲಿ ಕೇಳಿ ಎಂದು ಹೇಳಿ ಕಳಿಸಿದ್ದೇನೆ.