ಹುಬ್ಬಳ್ಳಿಯಲ್ಲಿ ಅಂಗಡಿಗಳ ಗಾಜು ಒರೆಸುವುದನ್ನೇ ಸ್ವಂತ ಉದ್ಯೋಗ ಮಾಡಿಕೊಂಡು ಬದುಕಲು ಸಾಧ್ಯವೇ?

ಸಾಧ್ಯವಿದೆ, ಆದರೆ ಕರೆದಲ್ಲಿಗೆ ಹೋಗಿ ಒಮ್ಮೆ ಒರೆಸಿ ಬರುವುದರಿಂದಲ್ಲ, ಒಂದೇ ಬೀದಿಯಲ್ಲಿ ಒತ್ತೊತ್ತಾಗಿರುವ ಅಂಗಡಿಗಳನ್ನು ವಾರಕ್ಕೊಮ್ಮೆ ಎಂದು ತಿಂಗಳ ಲೆಕ್ಕದಲ್ಲಿ ಹಿಡಿದುಕೊಳ್ಳುವುದರಿಂದ.

ಅಂಗಡಿಯ ಮುಂಭಾಗದ ಗಾಜಿಗೆ ಹಿಡಿಯುವ ಸಮಯ ಕಡಿಮೆ, ದಾರಿಯಲ್ಲಿ ಕಳೆಯುವ ಸಮಯಕ್ಕೋ ಯಾರೂ ಹಣ ಕೊಡುವುದಿಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ಬೆಳಿಗ್ಗೆ ಕೊಪ್ಪಿಕರ ರಸ್ತೆಯಲ್ಲೊಂದು, ಮಧ್ಯಾಹ್ನ ಧಾರವಾಡದಲ್ಲೊಂದು ಅಂಗಡಿ ಒಪ್ಪಿಕೊಂಡವರ ದುಡಿಮೆ ಪೆಟ್ರೋಲಿಗೂ ಓಡಾಟಕ್ಕೂ ಕರಗುತ್ತದೆ. ಅದೇ ಕೊಪ್ಪಿಕರ ರಸ್ತೆಯಲ್ಲಿ ಸಾಲಾಗಿ ಗಿರಾಕಿಗಳು ಸಿಕ್ಕರೆ ಬಕೆಟ್ ಎತ್ತಿಕೊಂಡು ಪಕ್ಕದ ಬಾಗಿಲಿಗೆ ನಡೆದರೆ ಸಾಕು.

ಗಿರಾಕಿ ಉಳಿಯುವುದು ಮಾತ್ರ ಕೈಕೆಲಸದ ಮೇಲೆ, ಮತ್ತು ಹೆಚ್ಚಿನವರು ಸೋಲುವುದು ನೀರಿನಲ್ಲಿ. ಬೋರ್‌ವೆಲ್‌ನ ಗಡಸು ನೀರು ಗಾಜಿನ ಮೇಲೆ ತಾನಾಗಿ ಆರಿದರೆ ಅದರಲ್ಲಿ ಕರಗಿರುವ ಸುಣ್ಣದಂಶ ಬಿಳಿ ಕಲೆಯಾಗಿ ನಿಲ್ಲುತ್ತದೆ. ಆದ್ದರಿಂದ ಬಿಸಿಲೇರುವ ಮೊದಲೇ ಗಾಜನ್ನು ಚೆನ್ನಾಗಿ ತೋಯಿಸಿ ಧೂಳನ್ನು ಸಡಿಲಗೊಳಿಸಿ (ಒಣ ಧೂಳನ್ನು ಉಜ್ಜಿದರೆ ಗೀರು ಬೀಳುತ್ತದೆ), ಸೋಪಿನ ನೀರನ್ನು ರಬ್ಬರ್ ವೈಪರಿನಿಂದ ಮೇಲಿನಿಂದ ಕೆಳಕ್ಕೆ ಎಳೆದು, ಪ್ರತಿ ಎಳೆತದ ನಂತರ ರಬ್ಬರಿನ ಅಂಚನ್ನು ಒಣ ಬಟ್ಟೆಯಿಂದ ಒರೆಸಿಕೊಳ್ಳಬೇಕು.

ಬಹುಮಹಡಿ ಕಟ್ಟಡಗಳ ಹೊರಗಾಜನ್ನು, ತರಬೇತಿಯೂ ಸುರಕ್ಷತಾ ಬೆಲ್ಟೂ ಇಲ್ಲದೆ, ಎಷ್ಟು ಹಣ ಕೊಡುತ್ತೇವೆಂದರೂ ದಯವಿಟ್ಟು ಒಪ್ಪಬೇಡಿ. ಕಚೇರಿಗಳು ಬಿಲ್ ಕೇಳಿದರೆ ಹೆದರಬೇಕಿಲ್ಲ: ಸ್ಥಳೀಯವಾಗಿ ಇಂಥ ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಸಾದಾ ರಸೀದಿ ಪುಸ್ತಕವೇ ಸಾಕಾಗುತ್ತದೆ.